ಚಿಗವ್ವನ ಹಿಡಿ, ನಾನು ತಂದ ಡಬ್ಬಿ

ಚಿಗವ್ವನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಷ್ಟು ದೊಡ್ಡದೊಂದು ಗಂಟಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಒನಕೆ ಹಿಡಿದು ಹಿಡಿದು ಎದ್ದ ಗಂಟು ಅದು. ಅಕ್ಕಿ ತೆಗೆಯಲು ಆಕೆ ಹಿಡಿ ಕಟ್ಟಿದಾಗ ಅದು ಬೆಳ್ಳಗಾಗಿ ಮೇಲೆದ್ದು ಕಾಣುತ್ತಿತ್ತು. ಅಡುಗೆಮನೆಯ ಮಾಡದಲ್ಲಿ ಸೇರು, ಅರ್ಧ ಸೇರಿನ ಹಿತ್ತಾಳೆಯ ಅಳತೆಗಳಿದ್ದವು. ಅವುಗಳ ಮೇಲೆ ಧೂಳು ಕೂತಿತ್ತು. ಉಣ್ಣುವವರ ತಲೆಗೆ ಎರಡು ಹಿಡಿ, ಹೊತ್ತಲ್ಲದ ಹೊತ್ತಿನಲ್ಲಿ ಬರಬಹುದಾದವರಿಗೆಂದು ಒಂದು ಹಿಡಿ. ಆ ಅನ್ನ ಒಂದು ದಿನವೂ ಸಾಲದೆ ಹೋದದ್ದನ್ನು ನಾನು ಕಾಣಲಿಲ್ಲ.

ಆಕೆ ನನ್ನ ತಂದೆಯ ತಮ್ಮನ ಹೆಂಡತಿ. ನನ್ನ ತಾಯಿ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಂದಿನಿಂದ ಕಾಲೇಜು ಮುಗಿಯುವವರೆಗೆ ನಾನು ಉಂಡದ್ದು ಆ ಹಿಡಿಯ ಅನ್ನವನ್ನೇ. ಕಲಘಟಗಿ ತಾಲೂಕಿನಲ್ಲಿ, ದೇವಿಕೊಪ್ಪದ ಹಾದಿಯಲ್ಲಿ ನಮ್ಮ ಊರು. ಅಲ್ಲಿ ಭತ್ತ ಬೆಳೆಯುತ್ತದೆ. ಆದ್ದರಿಂದ ಅಕ್ಕಿ ನಮ್ಮ ಮನೆಯಲ್ಲಿ ಅಂಗಡಿಯಿಂದ ಬರುವ ವಸ್ತುವಾಗಿರಲಿಲ್ಲ. ಅದು ಹೊಲದಿಂದ ಗಿರಣಿಗೆ ಹೋಗಿ, ಸ್ವಲ್ಪ ತೌಡು, ಸ್ವಲ್ಪ ಹರಳುಗಳೊಂದಿಗೆ ಮನೆಗೆ ಮರಳುತ್ತಿತ್ತು.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಹೋಗುವ ಹಿಂದಿನ ದಿನ ಪಡಸಾಲೆಯಲ್ಲಿ ನಿಂತು ಭಾಷಣ ಒಪ್ಪಿಸುವುದು ನನ್ನ ರೂಢಿ. ಮೊರದ ತುಂಬ ಅಕ್ಕಿ ಹಾಕಿಕೊಂಡು ಹರಳು ಆರಿಸುತ್ತ ಕೇಳುವುದು ಚಿಗವ್ವನ ರೂಢಿ. ನಾನು ಯಾವುದಾದರೂ ಮಾತನ್ನು ಸದ್ದಿನ ಬಲದಿಂದಲೇ ದಾಟಿಸಲು ನೋಡಿದರೆ ಆಕೆ ತಲೆ ಎತ್ತದೆ ಒಂದು ಹರಳನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಕಡೆ ತೋರಿಸುತ್ತಿದ್ದಳು.

"ಇಲ್ಲಿ ಹರಳ ಐತಿ ನೋಡು."

"ಎಲ್ಲಿ ಐತಿ? ಪುಸ್ತಕದಾಗ ಇದ್ದದ್ದನ್ನ ಹೇಳೀನಿ."

"ಪುಸ್ತಕದಾಗ ಇರಬಹುದು ಬೇ ಮಾತಿನಮಲ್ಲಿ. ಬಾಯಾಗ ಹಾಕ್ಕೊಂಡ ನೋಡೀ ಏನ?"

ಶಾಲೆಯ ಮುಖ ನೋಡದ ಹೆಂಗಸು, ನನ್ನ ವಾದ ಎಲ್ಲಿ ಟೊಳ್ಳು ಎಂಬುದನ್ನು ತೀರ್ಪುಗಾರರಿಗಿಂತ ಮೊದಲೇ ಹಿಡಿಯುತ್ತಿದ್ದಳು. ನಾನು ಗೆದ್ದು ತಂದ ಫಲಕಗಳನ್ನು ಆಕೆ ಉಪ್ಪಿನಕಾಯಿಯ ಭರಣಿಗಳ ಪಕ್ಕದಲ್ಲಿ ಸಾಲಾಗಿ ಇಟ್ಟಿದ್ದಳು.

ಮುಂದೆ ನಾನು ನವಲಗುಂದದ ಕಡೆ ಶಿಕ್ಷಕಿಯಾಗಿ ಹೋದೆ. ರಜೆಯ ದಿನಗಳಲ್ಲಿ ಹಳ್ಳಿಯ ಹೆಂಗಸರನ್ನು ಸೇರಿಸಿ ಮೂಢನಂಬಿಕೆಗಳ ವಿರುದ್ಧ ಮಾತನಾಡುತ್ತಿದ್ದೆ. ತರ್ಕವನ್ನು ಸರಿಯಾದ ಕ್ರಮದಲ್ಲಿ ಮುಂದಿಟ್ಟರೆ ಮನುಷ್ಯರು ಬದಲಾಗುತ್ತಾರೆ ಎಂದು ಆಗ ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಮೂರು ವರ್ಷಗಳ ಹಿಂದೆ ಚಿಗವ್ವನಿಗೆ ಪಾರ್ಶ್ವವಾಯು ಬಡಿಯಿತು. ಮಾತು ಉಳಿಯಿತು, ಕಾಲು ಎಳೆದುಕೊಂಡು ನಡೆಯುವಷ್ಟಕ್ಕೆ ಬಂತು. ಬಲಗೈ ಮಾತ್ರ ತಿರುಗಿ ಬರಲಿಲ್ಲ. ಬೆರಳುಗಳು ಅರ್ಧ ಮಡಚಿ ಅಲ್ಲೇ ನಿಂತವು, ಹಿಡಿ ಕೂಡಲಿಲ್ಲ. ಊಟಕ್ಕೆ ಎಡಗೈಯನ್ನೇ ಬಳಸಬೇಕಾಯಿತು. ಉಣ್ಣುವಾಗ ಆಕೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು.

ಆದರೂ ಒಲೆಯ ಮುಂದಿನ ಜಾಗವನ್ನು ಬಿಟ್ಟಿರಲಿಲ್ಲ. ರೊಟ್ಟಿ, ಪಲ್ಯ, ಸಾರು ಎಲ್ಲ ಸೊಸೆಯ ಪಾಲಿಗೆ ಹೋಗಿದ್ದವು. ಅನ್ನಕ್ಕೆ ಇಡುವುದೊಂದು ಮಾತ್ರ ತನ್ನದೆಂದು ಉಳಿಸಿಕೊಂಡಿದ್ದಳು. ಅರ್ಧ ಮಡಚಿದ ಬಲಗೈಯನ್ನೇ ಚಮಚದಂತೆ ಅಕ್ಕಿಯ ಡ್ರಮ್ಮಿಗೆ ಇಳಿಸಿ, ಚೆಲ್ಲಿ, ಮತ್ತೆ ಇಳಿಸಿ, ಹತ್ತು ನಿಮಿಷದಲ್ಲಿ ನಾಲ್ಕು ಜನರ ಅಕ್ಕಿ ತೆಗೆಯುತ್ತಿದ್ದಳು. ಡ್ರಮ್ಮು ನೆಲದ ಮೇಲೆ ಸೊಂಟದೆತ್ತರಕ್ಕೆ ನಿಂತಿತ್ತು. ಬೇಸಿಗೆಯ ಒಂದು ಮುಂಜಾನೆ ಅಕ್ಕಿ ತಳಕ್ಕೆ ಇಳಿದಿದ್ದಾಗ ಬಗ್ಗಿದವಳು ಡ್ರಮ್ಮಿನ ಸಮೇತ ಉರುಳಿದಳು. ಹಣೆ ಒಡೆಯಿತು. ಮಗ ಅಂದೇ ಕಡ್ಡಿ ತುಂಡುಮಾಡಿದಂತೆ ಹೇಳಿಬಿಟ್ಟ: "ಇನ್ನ ಸಾಕ ಬೇ ಯವ್ವಾ. ಅಡಗಿಮನಿ ಹೊಸ್ತಿಲಾ ದಾಟಬ್ಯಾಡ ನೀ."

ಸುದ್ದಿ ತಿಳಿದು ನಾನು ಊರಿಗೆ ಹೋದಾಗ ಚಿಗವ್ವ ಹೊಸ್ತಿಲಿನ ಈಚೆ, ಅಡುಗೆಮನೆ ಕಾಣುವಂತೆ ಗೋಡೆಗೊರಗಿ ಕೂತಿದ್ದಳು.

"ಸತ್ತ ಮ್ಯಾಲ ಹೆಂಗೂ ಹೊರಗ ಹಾಕತಾರ," ಎಂದಳು. "ಈಗ ಯಾಕ ಹಾಕಿದ್ರು ಅಂತ ಕೇಳವಾ ಅವನ್ನ. ನಿನಗ ಬಾಯಿ ಐತಿ."

ಕೇಳಿದೆ. ಆಕೆಯ ಮಗ ಕೆಟ್ಟವನಲ್ಲ, ಹೆದರಿದ್ದ, ಅಷ್ಟೇ. ಬಗ್ಗದೆ, ಬೀಳದೆ ಅಕ್ಕಿ ತೆಗೆಯುವ ದಾರಿಯೊಂದನ್ನು ತೋರಿಸಿದರೆ ತಾಯಿಗೆ ಆ ಕೆಲಸ ಬಿಟ್ಟುಕೊಡುವುದಾಗಿ ಒಪ್ಪಿದ. "ಎಂಟ ದಿನ ನೋಡೂಣು ಅಕ್ಕಾ. ಮತ್ತ ಬಿದ್ದಳಂದ್ರ ನೀ ನಡುವ ಬರಬ್ಯಾಡ."

ಸುಲಭದ ದಾರಿ ಕಣ್ಣೆದುರಿಗೇ ಇತ್ತು. ಅಕ್ಕಿಯನ್ನು ಕಟ್ಟೆಯ ಮೇಲಿನ ಅಗಲ ಬಾಯಿಯ ಪಾತ್ರೆಯಲ್ಲಿಟ್ಟು, ಗಟ್ಟಿಯಾಗಿದ್ದ ಎಡಗೈಯಿಂದ ತೆಗೆಯುವುದು. ಅದಕ್ಕೆ ಆಕೆ ಒಪ್ಪಲಿಲ್ಲ. ನಮ್ಮಲ್ಲಿ ಅಕ್ಕಿಗೆ ಎಡಗೈ ಹಾಕುವುದಿಲ್ಲ.

"ಎಡಗೈನೂ ದೇಹದ ಭಾಗನ ಅಲ್ಲೇನ ಚಿಗವ್ವಾ? ಸೋಪ ಹಚ್ಚಿ ತೊಳದ್ರ ಎರಡೂ ಕೈ ಒಂದ. ಇನ್ನ ಉಣ್ಣೂದ ಅದ ಕೈಲೆ ಉಣ್ತಿಯಲ್ಲ?"

"ಉಣ್ತೀನಿ. ಅದು ನನ್ನ ಪಾಲಿಂದು, ನಡೀತೈತಿ. ನಾಕ ಮಂದಿ ಉಣ್ಣೂ ಅನ್ನಕ್ಕ ಎಡಗೈ ಹಚ್ಚಲಾರೆ."

"ಹಚ್ಚಿದ್ರ ಏನ ಆಗತೈತಿ?"

"ಏನೂ ಆಗೂದಿಲ್ಲ. ಅಕ್ಕಿಗೆ ಬ್ಯಾಸರ ಆಗತೈತಿ."

ಮುಕ್ಕಾಲು ಗಂಟೆ ವಾದಿಸಿ ನಾನು ಸೋತೆ. ಸೋತೆನೆಂದು ಒಪ್ಪದೆ ಬೇರೊಂದು ಉಪಾಯ ಹುಡುಕಿದೆ. ಕಟ್ಟೆಯ ಮೇಲೆ ಕೂರುವ, ಗುಂಡಿ ಒತ್ತಿದರೆ ಒಂದು ಅಳತೆಯಷ್ಟು ಅಕ್ಕಿ ತಾನೇ ಉದುರುವ ಡಬ್ಬಿಗಳು ಬಂದಿವೆ. ರೈಸ್ ಡಿಸ್ಪೆನ್ಸರ್ ಎನ್ನುತ್ತಾರೆ. ಅದರಲ್ಲಿ ಎಡಗೈ ಗುಂಡಿಯನ್ನು ಮುಟ್ಟುತ್ತದೆ, ಅಕ್ಕಿಯನ್ನು ಮುಟ್ಟುವುದಿಲ್ಲ. ನಂಬಿಕೆಯೂ ಮುರಿಯದು, ಕೆಲಸವೂ ನಿಲ್ಲದು. ಚಿಗವ್ವ ಬಹಳ ಹೊತ್ತು ಯೋಚಿಸಿ, "ಒತ್ತೂದಕ್ಕ ಅಡ್ಡಿ ಇಲ್ಲ," ಎಂದಳು.

ಹುಬ್ಬಳ್ಳಿಯ ಪಾತ್ರೆ ಅಂಗಡಿಗೆ ಆಕೆಯನ್ನೂ ಕರೆದುಕೊಂಡು ಹೋದೆ. ಸ್ಟೂಲಿನ ಮೇಲೆ ಕೂರಿಸಿ, ನಾನು ಅಂಗಡಿಕಾರರೊಂದಿಗೆ ಚರ್ಚೆಗೆ ನಿಂತೆ. ಪ್ಲಾಸ್ಟಿಕ್ಕೋ ಸ್ಟೀಲೋ, ಐದು ಕಿಲೋದ್ದೋ ಹತ್ತು ಕಿಲೋದ್ದೋ, ಒಂದು ಅಳತೆಯದ್ದೋ ಮೂರು ಅಳತೆಯದ್ದೋ: ಪ್ರತಿಯೊಂದರ ಗುಣ ದೋಷಗಳನ್ನು ಮನೆಯಲ್ಲಿಯೇ ಓದಿಕೊಂಡು ಬಂದಿದ್ದೆ. ಕೊನೆಗೆ ಮುಚ್ಚಳ ಅತ್ಯಂತ ಬಿಗಿಯಾಗಿದ್ದುದನ್ನು ಆರಿಸಿದೆ. ಎರಡೂ ಬದಿಯ ಕೊಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಅದು ತೆರೆಯುತ್ತಿತ್ತು. ಇರುವೆ, ಇಲಿ, ನುಸಿ ಯಾವುದೂ ಒಳಗೆ ಹೋಗುವಂತಿರಲಿಲ್ಲ.

ಚಿಗವ್ವ ಕೇಳಿದ್ದು ಒಂದೇ ಪ್ರಶ್ನೆ: "ಇದರಾಗ ಕೈ ಹಾಕಾಕ ಬರೂದಿಲ್ಲೇನ್ರಿ ಸಾವಕಾರ?"

"ಕೈ ಹಾಕಬಾರದಂತನ ಮಾಡ್ಯಾರ್ರಿ ಅಮ್ಮಾ."

"ಮತ್ತ ಅಕ್ಕಿ ಹೆಂಗ ಅದಾವ ಅಂತ ಗೊತ್ತಾಗೂದ ಹೆಂಗ?"

ಅಂಗಡಿಕಾರರು ನಕ್ಕು ನನ್ನ ಕಡೆ ತಿರುಗಿದರು. "ಅಕ್ಕಾರ, ಒಣಾ ಅಕ್ಕಿ ಹಾಕ್ರಿ. ಒಳಗ ಬ್ಯಾರೆ ಏನೂ ಹಾಕಬ್ಯಾಡ್ರಿ ಮತ್ತ."

ನಾನು ಆಗ ಗುಂಡಿಯ ಬಾಳಿಕೆಯ ಬಗ್ಗೆ ಕೇಳುತ್ತಿದ್ದೆ. ಆ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಮನೆಗೆ ಬಂದು ಡಬ್ಬಿಗೆ ಅಕ್ಕಿ ತುಂಬಿದವಳು ನಾನೇ. ಹುಳು ಹತ್ತದಂತೆ ನೆರಳಲ್ಲಿ ಒಣಗಿಸಿದ ಬೇವಿನ ಎಲೆಯನ್ನು ಅಕ್ಕಿಯಲ್ಲಿ ಬೆರೆಸಿಡುವುದು ನಮ್ಮ ಕಡೆಯ ಎಲ್ಲ ಮನೆಗಳ ಪದ್ಧತಿ. ಚಿಕ್ಕಂದಿನಿಂದ ಕಂಡ ಪದ್ಧತಿಯಾದ್ದರಿಂದ ಅದನ್ನು ನಾನು ಪದ್ಧತಿಯೆಂದು ಗುರುತಿಸಲೂ ಇಲ್ಲ. ಡ್ರಮ್ಮಿನಲ್ಲಿದ್ದ ಅಕ್ಕಿಯನ್ನು ಎಲೆ, ಕಡ್ಡಿ, ತೌಡಿನ ಸಮೇತ ಹಾಗೆಯೇ ಸುರಿದು, ಮುಚ್ಚಳ ಬಿಗಿದು, ಚಿಗವ್ವನ ಎಡಗೈ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟೆ.

ಒತ್ತಿದಳು. ಅಕ್ಕಿ ಝಲ್ಲನೆ ಪಾತ್ರೆಗೆ ಬಿತ್ತು. ಆಕೆ ಸೊಸೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಮತ್ತೊಮ್ಮೆ ಒತ್ತಿದಳು. "ಅಗದಿ ಶಾಣ್ಯಾ ಐತಲ್ಲ ಇದು," ಎಂದು ಬಾಯಿ ತುಂಬ ನಕ್ಕಳು. ಅಂದು ಅನ್ನಕ್ಕೆ ಇಟ್ಟವಳು ಚಿಗವ್ವ. ಊಟಕ್ಕೆ ಗೋಡೆಯ ಕಡೆ ತಿರುಗದೆ ನಮ್ಮ ಪಂಕ್ತಿಯಲ್ಲಿಯೇ ಕೂತಳು. ಮರುದಿನ ಬಸ್ಸಿನಲ್ಲಿ ಕೂತು ನಾನು ಆ ವಾರದ ಭಾಷಣಕ್ಕೆ ಈ ಪ್ರಸಂಗವನ್ನು ಸೇರಿಸಿಕೊಂಡೆ.

ತಿಂಗಳೊಪ್ಪತ್ತಿನಲ್ಲಿ ಮತ್ತೆ ಹೋದಾಗ ಚಿಗವ್ವ ಪುನಃ ಹೊಸ್ತಿಲಿನ ಈಚೆ ಕೂತಿದ್ದಳು. ಒಲೆಯ ಕಡೆಗೆ ಬೆನ್ನು ಮಾಡಿದ್ದಳು. ಅನ್ನಕ್ಕೆ ಸೊಸೆ ಇಡುತ್ತಿದ್ದಳು.

"ಯಾಕ ಬಿಟ್ಟಿ?" ಎಂದೆ.

"ಬ್ಯಾಸರಾತು."

"ಅಷ್ಟ ಜಗಳಾಡಿ ಇಸ್ಕೊಂಡ ಕೆಲಸ ಅದು. ಇಷ್ಟ ಲಗೂ ಬ್ಯಾಸರಾತ?"

"ಡಬ್ಬಿ ಛಲೋ ಐತಿ ಬಿಡವಾ. ನಾನ ಒಲ್ಲೆ ಅಂದೆ."

ನಾನು ಮಾತಿಗೆ ತೊಡಗಿದೆ. ಸ್ವಾವಲಂಬನೆಯ ಬಗ್ಗೆ ಹೇಳಿದೆ. ಸೌಲಭ್ಯ ಕೈಗೆ ಬಂದಾಗಲೂ ಹಿಂಜರಿಯುವ ಹೆಂಗಸರಿಂದಾಗಿಯೇ ಮನೆಗಳು ಬದಲಾಗುತ್ತಿಲ್ಲ ಎಂದೆ. ಆಕೆಯ ಮುಂದೆ ಮೊರವಿರಲಿಲ್ಲ, ಹರಳು ಎತ್ತಿ ತೋರಿಸಲಿಲ್ಲ. ನಾನು ಮುಗಿಸುವವರೆಗೂ ಕೇಳಿ, "ಹೌದವಾ, ನೀ ಹೇಳೂದ ಖರೇ ಇರತೈತಿ," ಎಂದಳು. ಜೀವನದಲ್ಲಿ ಮೊದಲ ಬಾರಿಗೆ ಚಿಗವ್ವ ನನ್ನ ವಾದವನ್ನು ಪ್ರಶ್ನಿಸದೆ ಒಪ್ಪಿದ್ದಳು. ಅದರಿಂದಲೇ ನನಗೆ ಅನುಮಾನ ಬರಬೇಕಾಗಿತ್ತು. ಹತ್ತು ಹೆಜ್ಜೆ ಒಳಗೆ ನಡೆದು ಆ ಗುಂಡಿಯನ್ನು ಒಂದು ಸಲ ಒತ್ತಿ ನೋಡಬಹುದಾಗಿತ್ತು. ನೋಡಲಿಲ್ಲ.

ಆ ಹೊತ್ತಿಗಾಗಲೇ ಆಕೆ ತನ್ನ ಕೈಯಿಂದ ಉಣ್ಣುವುದನ್ನೂ ನಿಲ್ಲಿಸಿದ್ದಳು. ಸೊಸೆ ತುತ್ತು ಮಾಡಿ ಬಾಯಿಗಿಡಬೇಕಾಗಿತ್ತು. ನಾಲ್ಕು ತುತ್ತಾದ ಮೇಲೆ ಚಿಗವ್ವ ಬಾಯಿ ಮುಚ್ಚಿಬಿಡುತ್ತಿದ್ದಳು: "ನಿನಗ ಹೊಲಿಗಿ ಕೆಲಸ ಐತಿ, ಹೋಗವಾ." ಡಾಕ್ಟರರು ಶಕ್ತಿಯ ಪುಡಿ ಬರೆದುಕೊಟ್ಟರು. ಮಳೆಗಾಲ ಮುಗಿಯುವಷ್ಟರಲ್ಲಿ ಆಕೆಯ ಮುಂಗೈ ಬಳೆ ಮೊಣಕೈಯವರೆಗೆ ಜಾರುವಂತಾಯಿತು. ಭತ್ತ ತೆನೆಗಟ್ಟುವ ಹೊತ್ತಿಗೆ ತೀರಿಕೊಂಡಳು. ಹೆಬ್ಬೆರಳಿನ ಬುಡದ ಗಂಟು ಕಡೆಯ ದಿನಗಳಲ್ಲಿ ಎಲುಬಿನಷ್ಟೇ ಬೆಳ್ಳಗಿತ್ತು. ಹಿಡಿ ಮಾತ್ರ ಕಟ್ಟಿರಲಿಲ್ಲ.

ಕ್ರಿಯಾವಿಧಿಗಳು ಮುಗಿದ ಮೇಲೆ ನಾನು ಹೊರಡುವ ದಿನ, ಸೊಸೆ ಅಡುಗೆಮನೆಗೆ ಕರೆದಳು. "ಅಕ್ಕಾರ, ಈ ಡಬ್ಬಿ ನೀವ ಒಯ್ರಿ. ಅದನ್ನ ನೋಡಿದ್ರ ಅತ್ತಿಯವರ ನೆನಪ ಬರತೈತಿ."

"ಅದನ್ನ ಬಿಟ್ಟಳಲ್ಲ ಚಿಗವ್ವ," ಎಂದೆ.

ಸೊಸೆ ಡಬ್ಬಿಯನ್ನು ಕಟ್ಟೆಯ ಅಂಚಿಗೆ ಸರಿಸಿದಳು. "ಹೇಳಬ್ಯಾಡ ಅಂದಿದ್ರು, ಇನ್ನ ಹೇಳತೀನಿ. ನೀವ ಹೋದ ನಾಕನೇ ದಿನ ಅಕ್ಕಾರ. ಮುಂಜಾನೆ ಬಂದ ಒತ್ತಿದ್ರು, ಒಂದ ಕಾಳ ಬೀಳಲಿಲ್ಲಂತ. ಕೈ ತೊಳಕೊಂಡ ಬಂದ ಮತ್ತ ಒತ್ತಿದ್ರು. ಸ್ನಾನಾ ಮಾಡಿ, ಲಿಂಗಪೂಜಿ ಮುಗಿಸಿ ಬಂದ ಮತ್ತೊಮ್ಮೆ ಒತ್ತಿದ್ರು. ಇಲ್ಲ. ನನ್ನ ಕರದು, 'ಅಕ್ಕಿ ನನ್ನ ಎಡಗೈಗೆ ಒಲ್ಲೆ ಅಂತಾವ, ನೀ ತಗಿ' ಅಂದ್ರು. ನಾ ಎಂದೂ ಆ ಗುಂಡಿ ಒತ್ತಿದಾಕಿನ ಅಲ್ಲ. ಮುಚ್ಚಳಾ ತಗದ ವಾಟಿಲೆ ತಗದೆ. ನನಗ ಬಂದ್ವು. ಅಲ್ಲಿಗೆ ಅವರಿಗೆ ಖಾತ್ರಿ ಆತು. ಅಕ್ಕಿನ ಒಲ್ಲೆ ಅಂದಮ್ಯಾಲ ಅನ್ನಾ ಹೆಂಗ ಮುಟ್ಟಲಿ ಅಂತ, ಆವತ್ತಿಂದ ಊಟಕ್ಕೂ ಆ ಕೈ ಎತ್ತಲಿಲ್ಲ."

"ನನಗ ಯಾಕ ಹೇಳಲಿಲ್ಲ?"

"'ಹುಡುಕ್ಯಾಡಿ ತಂದಾಳ ಪಾಪ, ಮನಸಿಗೆ ಹಚ್ಚಿಕೊಂತಾಳ' ಅಂದ್ರು."

ನಾನು ಡಬ್ಬಿಯ ಗುಂಡಿಯನ್ನು ಬಲಗೈ ಹೆಬ್ಬೆರಳಿನಿಂದ ಒತ್ತಿದೆ. ಏನೂ ಬೀಳಲಿಲ್ಲ. ಎರಡೂ ಹೆಬ್ಬೆರಳುಗಳನ್ನು ಸೇರಿಸಿ, ದೇಹದ ಭಾರವನ್ನೆಲ್ಲ ಹಾಕಿ ಒತ್ತಿದೆ. ಏನೂ ಬೀಳಲಿಲ್ಲ. ಕೊಂಡಿ ಬಿಚ್ಚಿ ಅಕ್ಕಿಯನ್ನೆಲ್ಲ ಮೊರಕ್ಕೆ ಸುರಿದು, ಡಬ್ಬಿಯನ್ನು ಬೆಳಕಿಗೆ ಹಿಡಿದೆ. ತಳದ ಬಾಯಿಯಲ್ಲಿ ಬೇವಿನ ಕಡ್ಡಿಗಳು ಗುಬ್ಬಿಗೂಡಿನಂತೆ ಹೆಣೆದುಕೊಂಡಿದ್ದವು. ನಡುವೆ ತೌಡು ಗಟ್ಟಿಯಾಗಿ ಕೂತಿತ್ತು. ಒಮ್ಮೆ ಒಳಗೆ ಬೆರಳಾಡಿಸಿದ್ದರೆ ಚಿಗವ್ವನಿಗೆ ಅದು ಆ ಕ್ಷಣವೇ ತಿಳಿಯುತ್ತಿತ್ತು. ಬೆರಳು ಹೋಗದ ಡಬ್ಬಿಯನ್ನು, ಒಂದು ಕೈಗೆ ತೆರೆಯದ ಮುಚ್ಚಳವನ್ನು ಹುಡುಕಿ ಆರಿಸಿದವಳು ನಾನು. ಆ ಕಡ್ಡಿಗಳನ್ನು ಸುರಿದವಳೂ ನಾನು.

ಕಸಬರಿಗೆಯ ಹಂಚಿಕಡ್ಡಿಯಿಂದ ಅವುಗಳನ್ನು ಒಂದೊಂದಾಗಿ ಎಳೆದು ತೆಗೆದೆ. ಸ್ವಲ್ಪ ಅಕ್ಕಿ ಹಾಕಿ, ಕೆಳಗೆ ತಟ್ಟೆಯಿಟ್ಟು, ಈ ಸಲ ಎಡಗೈಯಿಂದ ಒತ್ತಿದೆ. ಅಕ್ಕಿ ಝಲ್ಲನೆ ಬಿತ್ತು. ಮತ್ತೆ ಒತ್ತಿದೆ, ಮತ್ತೆ ಬಿತ್ತು. ಇಷ್ಟು ವರ್ಷ ವೇದಿಕೆಗಳ ಮೇಲೆ ಮಾತನಾಡಿದವಳಿಗೆ ಇಷ್ಟು ಖಚಿತವಾದ ಸಾಕ್ಷ್ಯ ಎಂದೂ ಸಿಕ್ಕಿರಲಿಲ್ಲ. "ನೋಡು, ಬೀಳತಾವ," ಎಂದೆ. "ಕೈದ ತಪ್ಪಲ್ಲ, ನೋಡಿಲ್ಲೆ." ಒತ್ತುತ್ತಲೇ ಇದ್ದೆ. ತಟ್ಟೆ ತುಂಬಿ ಕಟ್ಟೆಯ ಮೇಲೆ ಚೆಲ್ಲತೊಡಗಿತು.

ಸೊಸೆ ನನ್ನ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ಗುಂಡಿಯಿಂದ ಬಿಡಿಸಿದಳು.

"ಸಾಕ ಬಿಡ್ರಿ ಅಕ್ಕಾರ. ಇನ್ನ ಯಾರಿಗೆ ತೋರಸ್ತೀರಿ?"