ಬಗ್ಗಲು ಆಗುವುದಿಲ್ಲ ಎಂದದ್ದು

ಸೇನೆಯಲ್ಲಿ ನಾನು ಲಾರಿ ಓಡಿಸುತ್ತಿದ್ದೆ. ಹಿಮದ ದಾರಿಯಲ್ಲಿ ಒಮ್ಮೆ ಗಾಡಿ ಜಾರಿ ಬಂಡೆಗೆ ಬಡಿಯಿತು. ಆಗ ಹಿಡಿದ ಸೊಂಟನೋವು ಬಿಡಲೇ ಇಲ್ಲ; ಕ್ರಮೇಣ ಮೊಣಕಾಲುಗಳೂ ಕೆಟ್ಟವು. ನಿವೃತ್ತಿಯ ಹೊತ್ತಿಗೆ ವೈದ್ಯಕೀಯ ಮಂಡಳಿಯವರು ಬಗ್ಗಲು ಹೇಳಿದಾಗ ಹಲ್ಲು ಕಚ್ಚಿ ಬಗ್ಗಿ ಕಾಲ್ಬೆರಳು ಮುಟ್ಟಿದೆ. ಅಂಗವೈಕಲ್ಯ ತೀರಾ ಕಡಿಮೆ, ಅದಕ್ಕೆ ಸೇವೆ ಕಾರಣವಲ್ಲ ಎಂದು ಬರೆದರು. ಅಂಗವೈಕಲ್ಯದ ಪಿಂಚಣಿ ಸಿಗಲಿಲ್ಲ.

ಮಡಂತ್ಯಾರಿನ ಮನೆಗೆ ಬಂದು ಇದನ್ನು ಹೇಳಿದಾಗ ಹೆಂಡತಿ ಕೂತು ನನ್ನ ಬೂಟಿನ ಲೇಸು ಬಿಚ್ಚುತ್ತಿದ್ದಳು.

"ನೀವು ಅಲ್ಲಿಯೂ ಪರೇಡ್ ಮಾಡಿ ಬಂದದ್ದಲ್ವಾ?" ಎಂದಳು.

ಗುರುವಾಯನಕೆರೆಯಲ್ಲಿ ಒಬ್ಬ ನಿವೃತ್ತ ಸುಬೇದಾರರಿದ್ದಾರೆ. ಮಾಜಿ ಸೈನಿಕರಿಗೆ ಅರ್ಜಿ ಬರೆದುಕೊಡುತ್ತಾರೆ. ಅವಳೇ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದಳು. ಅವರು ಅಪಘಾತದ ಕಾಗದಗಳನ್ನೆಲ್ಲ ನೋಡಿದರು.

"ಅಪೀಲು ಹಾಕುವ. ಆದರೆ ಮಾರಾಯ, ಕರೆದಾಗ ಗಟ್ಟಿಮುಟ್ಟು ತೋರಿಸ್ಲಿಕ್ಕೆ ಹೋಗ್ಬೇಡ. ನೀನು ಸೇನೆಗೆ ಭರ್ತಿಯಾಗ್ಲಿಕ್ಕೆ ಹೋಗುವುದಲ್ಲ."

ಬಹಳ ಕಾಲದ ಮೇಲೆ ದೂರದ ಸೇನಾ ಆಸ್ಪತ್ರೆಯಿಂದ ಕರೆ ಬಂತು. ಒಳಗಿದ್ದವರು ಚಿಕ್ಕ ವಯಸ್ಸಿನ ವೈದ್ಯೆ. ಬಗ್ಗಿ ಎಂದರು. ಕೈ ಮೊಣಕಾಲಿನ ಹತ್ತಿರ ಬರುವಾಗಲೇ ಬೆನ್ನು ಹಿಡಿಯಿತು. ಹಳೆಯ ಅಭ್ಯಾಸ ಇನ್ನೂ ಕೆಳಗೆ ತಳ್ಳುತ್ತಿತ್ತು. ನಿಲ್ಲಿಸಿದೆ.

"ಇಷ್ಟೇ ಮೇಡಂ. ಇದಕ್ಕಿಂತ ಆಗುವುದಿಲ್ಲ" ಎಂದೆ. ನನ್ನ ಕಿವಿ ಬಿಸಿಯಾಯಿತು.

"ಮತ್ತೆ ಬೂಟು ಹೇಗೆ ಹಾಕಿದಿರಿ?"

"ಹೆಂಡತಿ ಹಾಕಿದ್ದು."

ಹೊರಗೆ ಬೆಂಚಿನಲ್ಲಿದ್ದ ಅವಳನ್ನು ಒಳಗೆ ಕರೆಸಿದರು. ಕ್ವಾರ್ಟರ್ಸಿನಲ್ಲಿ ಕಲಿತ ಹಿಂದಿಯಲ್ಲಿ ಅವಳು ಒಂದೊಂದಾಗಿ ಹೇಳಿದಳು: ಬಸ್ಸಿನ ಮೆಟ್ಟಿಲು ಹತ್ತುವಾಗ ನಾನು ಕಂಬ ಹಿಡಿದು ನಿಲ್ಲುವುದು, ಮಗ್ಗುಲು ಬದಲಿಸುವಾಗ ಉಸಿರು ಬಿಗಿಹಿಡಿಯುವುದು. ಅವಳು ಇಷ್ಟೆಲ್ಲ ಗಮನಿಸಿದ್ದಾಳೆಂದು ನನಗೇ ಗೊತ್ತಿರಲಿಲ್ಲ. ವೈದ್ಯೆ ನಡುವೆ ಬಾಯಿ ಹಾಕದೆ ಬರೆದುಕೊಂಡರು.

ಆದೇಶ ಬಂದಾಗ ಮಳೆಗಾಲ ಶುರುವಾಗಿತ್ತು. ಸೊಂಟದ ತೊಂದರೆಗೆ ಸೇವೆಯೇ ಕಾರಣವೆಂದು ಒಪ್ಪಿ ಅಂಗವೈಕಲ್ಯದ ಶೇಕಡಾ ಪ್ರಮಾಣ ಏರಿಸಿದ್ದರು. ಪಿಂಚಣಿ ಮಂಜೂರಾಯಿತು. ಮೊಣಕಾಲಿನದ್ದು ಒಪ್ಪಲಿಲ್ಲ.

"ಅದಕ್ಕೆ ಬೇರೆ ದಾರಿ ಉಂಟು, ನೋಡುವ" ಎಂದರು ಸುಬೇದಾರರು. ನನಗೆ ಅವಸರವಿರಲಿಲ್ಲ. ಬೆನ್ನು ಸುಳ್ಳು ಹೇಳುತ್ತಿಲ್ಲವೆಂದು ಯಾರೋ ಬರೆದುಕೊಟ್ಟದ್ದೇ ದೊಡ್ಡ ಸಮಾಧಾನವಾಗಿತ್ತು.

ಹೋದ ತಿಂಗಳು ಮೂಡುಬಿದಿರೆಯಲ್ಲಿ ಹೆಂಡತಿಯ ತಂಗಿಯ ಹೊಸ ಮನೆಯ ಒಕ್ಕಲು, ಗೃಹಪ್ರವೇಶ. ಊಟಕ್ಕೆ ಚಾಪೆ ಹಾಸಿದ್ದರು. "ಭಾವ, ಬನ್ನಿ" ಎಂದು ಅವಳು ಜಾಗ ತೋರಿಸಿದಳು.

"ನನಗೊಂದು ಕುರ್ಚಿ ಬೇಕಿತ್ತಮ್ಮ" ಎಂದೆ. ತಂದು ಹಾಕಿದರು. ಪಾಯಸ ಎರಡು ಸಲ ಬಡಿಸಿಕೊಂಡೆ.