ನಗೋಯಾದ ರಾಹುಕಾಲ

ಮೂರು ತಿಂಗಳಿಗೆಂದು ನಗೋಯಾಕ್ಕೆ ಬಂದ ಅಮ್ಮ ಕೊರೊನಾದಿಂದಾಗಿ ವಿಮಾನಗಳು ನಿಂತದ್ದರಿಂದ ನನ್ನ ಮನೆಯಲ್ಲೇ ಸಿಕ್ಕಿಹಾಕಿಕೊಂಡಳು. ಅತ್ತ ಮೈಸೂರಿನಲ್ಲಿ ತಂಗಿಗೆ ದಿನ ತುಂಬುತ್ತಿತ್ತು. ಚೊಚ್ಚಲ ಹೆರಿಗೆಗೆ ತಾನಿಲ್ಲದಿದ್ದರೆ ಹೇಗೆ ಎಂದು ಅಮ್ಮನಿಗೆ ಅನ್ನ ಸೇರುತ್ತಿರಲಿಲ್ಲ. ಕೊನೆಗೂ ಟೋಕಿಯೊದಿಂದ ಹೊರಡುವ ವಿಶೇಷ ವಿಮಾನವೊಂದರಲ್ಲಿ ಸೀಟು ಸಿಕ್ಕಿತು. ಅಲ್ಲಿಗೆ ಹೋಗಲು ಊರ ಕನ್ನಡಿಗರೆಲ್ಲ ಸೇರಿ ವ್ಯಾನ್ ಗೊತ್ತುಮಾಡಿದರು. ಸೋಮವಾರ ಬೆಳಿಗ್ಗೆ ಎಂಟೂವರೆಗೆ ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಬರುತ್ತದೆ ಎಂದಾಯಿತು.

ಅಮ್ಮ ನೇರ ಅಡುಗೆಮನೆಗೆ ಹೋಗಿ, ಮೈಸೂರಿನಿಂದ ತಂದು ಫ್ರಿಜ್ಜಿನ ಪಕ್ಕ ನೇತುಹಾಕಿದ್ದ ಕ್ಯಾಲೆಂಡರ್ ನೋಡಿದಳು. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ.

"ಬಾಣಂತನಕ್ಕೆ ಹೊರಟೋಳು ರಾಹುಕಾಲದಲ್ಲಿ ಹೊಸ್ತಿಲು ದಾಟಲ್ಲ ಕಣೇ" ಎಂದಳು.

ನನಗೆ ಪಿತ್ತ ನೆತ್ತಿಗೇರಿತು. ಮುಂದಿನ ವಿಮಾನ ಯಾವಾಗಲೋ ಯಾರಿಗೂ ಗೊತ್ತಿರಲಿಲ್ಲ. ಸಂಜೆಯವರೆಗೆ ಇಬ್ಬರೂ ಮುಖ ಊದಿಸಿಕೊಂಡಿದ್ದೆವು. ಆಮೇಲೆ ಅಮ್ಮನೇ ದಾರಿ ಕಂಡುಕೊಂಡಳು. ಏಳಕ್ಕೇ ಮನೆಯಿಂದ ಹೊರಬಿದ್ದು, ಕೆಳಗೆ ಸೈಕಲ್ ನಿಲ್ಲಿಸುವ ಕಡೆ ಪೆಟ್ಟಿಗೆಯ ಮೇಲೆ ಕೂತು ವ್ಯಾನಿಗೆ ಕಾಯುವುದು. ಮಂಡಿನೋವಿನವಳು. ಆದರೂ ಹೂಂ ಎಂದೆ.

ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ನನ್ನ ಕೆಲಸ. ಆಗ ಎಲ್ಲವೂ ಮನೆಯಿಂದಲೇ ನಡೆಯುತ್ತಿತ್ತು. ನನ್ನ ಜಪಾನಿ ಸಹೋದ್ಯೋಗಿಯೊಬ್ಬರಿಗೆ ಹಳೆಯ ಗಡಿಯಾರಗಳ ಹುಚ್ಚು. ಮೀಟಿಂಗ್ ಮುಗಿದ ಮೇಲೆ, ಅವರ ಬೆನ್ನ ಹಿಂದಿದ್ದ ಗಡಿಯಾರವನ್ನು ಅಮ್ಮ ಪರದೆಯಲ್ಲಿ ಕಂಡು ಅದೇನು ಎಂದು ನನ್ನ ಕೈಲಿ ಕೇಳಿಸಿದಳು. ಮನುಷ್ಯ ಹಿಗ್ಗಿಹೋದರು.

ಅವರು ಹೇಳಿದ್ದನ್ನೆಲ್ಲ ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಯುರೋಪಿನಲ್ಲಿ ಹೊಸ ವಿಜ್ಞಾನ ಕಣ್ಣುಬಿಡುತ್ತಿದ್ದ ಕಾಲದಲ್ಲಿ ಹಡಗುಗಳು ಇಲ್ಲಿಗೆ ಯಂತ್ರದ ಗಡಿಯಾರ ತಂದವಂತೆ. ಅದರ ಗಂಟೆಗಳೆಲ್ಲ ಒಂದೇ ಅಳತೆಯವು. ಇಲ್ಲಿಯವರ ಲೆಕ್ಕವೇ ಬೇರೆ. ಸೂರ್ಯ ಹುಟ್ಟಿ ಮುಳುಗುವವರೆಗಿನ ಹೊತ್ತಿಗೆ ಆರು ಪಾಲು. ಬೇಸಿಗೆಯಲ್ಲಿ ಪಾಲು ಉದ್ದ, ಚಳಿಗಾಲದಲ್ಲಿ ಗಿಡ್ಡ. ಹಾಗಾಗಿ ಇಲ್ಲಿನ ಕುಶಲಕರ್ಮಿಗಳು ಬಂದ ಯಂತ್ರವನ್ನೇ ಬಿಚ್ಚಿ, ಅಂಕಿಗಳು ಅತ್ತಿತ್ತ ಜರುಗುವಂತೆ ಮಾಡಿ, ಅದನ್ನು ಸೂರ್ಯನಿಗೆ ಹೊಂದಿಸಿದರು. ಸಹೋದ್ಯೋಗಿ ಬೆರಳಿನಿಂದ ಅಂಕಿಗಳನ್ನು ಜರುಗಿಸಿ ತೋರಿಸಿದರು.

ಅಮ್ಮ ಅಡುಗೆಮನೆಯ ಕ್ಯಾಲೆಂಡರಿನ ಕಡೆ ತಿರುಗಿದಳು. "ನಮ್ಮ ರಾಹುಕಾಲಾನೂ ಹಾಗೇ ಅಲ್ವೇನೇ? ಹಗಲಿಗೆ ಎಂಟು ಪಾಲು, ಸೋಮವಾರ ಎರಡನೇದು ರಾಹುಂದು. ಕ್ಯಾಲೆಂಡರಲ್ಲಿರೋದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗೋ ಸೂರ್ಯಂದು" ಎಂದಳು.

ನಗೋಯಾದ ಬೇಸಿಗೆಯಲ್ಲಿ ಐದರೊಳಗೇ ಬೆಳಕು ಹರಿದು, ಏಳು ದಾಟಿದ ಮೇಲೆ ಸೂರ್ಯ ಮುಳುಗುತ್ತಾನೆ. ಫೋನಿನಲ್ಲಿ ಹೊತ್ತು ನೋಡಿ ಲೆಕ್ಕ ಹಾಕಿದೆ. ಇಲ್ಲಿಯ ರಾಹುಕಾಲ ಆರೂವರೆಗೆ ಶುರುವಾಗಿ ಎಂಟೂಕಾಲು ದಾಟುವಷ್ಟರಲ್ಲಿ ಮುಗಿಯುತ್ತಿತ್ತು. ಅಂದರೆ ಅಮ್ಮ ಏಳಕ್ಕೆ ಹೊರಬಿದ್ದಿದ್ದರೆ ಸರಿಯಾಗಿ ಅದರ ಬಾಯಿಗೇ ಬೀಳುತ್ತಿದ್ದಳು! ನಾನು ಗೆದ್ದೆ ಎಂದುಕೊಂಡೆ. ಅಮ್ಮ ಸೋಲಲಿಲ್ಲ.

"ಅಚ್ಚಾಗಿರೋದನ್ನ ಬಿಟ್ಟು ನಿನ್ನ ಫೋನನ್ನ ಯಾಕೆ ನಂಬ್ಲಿ? ನಾನೇ ನೋಡ್ತೀನಿ."

ಶನಿವಾರ ನಸುಕಿಗೇ ಎದ್ದು ಬಾಲ್ಕನಿಯಲ್ಲಿ ನಿಂತಳು. ಮೋಡ. ಭಾನುವಾರ ಎದುರಿನ ಪಾರ್ಕಿಂಗ್ ಕಟ್ಟಡದ ಪಕ್ಕದಿಂದ ಸೂರ್ಯ ಬಂದ. ಸಂಜೆ ಇನ್ನೊಂದು ಕಿಟಕಿಯಿಂದ ಮುಳುಗುವುದನ್ನೂ ನೋಡಿ, ನನ್ನ ಕೈಲಿ ಭಾಗಾಕಾರ ಮಾಡಿಸಿ, ತಾನೂ ಬೆರಳು ಮಡಿಚಿ ತಾಳೆ ನೋಡಿದಳು. ಒಪ್ಪಿಗೆಯಾಯಿತು.

ಸೋಮವಾರ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಅಲುಗದೆ ಕೂತಿದ್ದು, ಹೊತ್ತು ಕಳೆದ ಮೇಲೆ ಬಲಗಾಲಿಟ್ಟು ಹೊರಬಂದಳು. ವ್ಯಾನ್ ತಿರುವು ದಾಟಿದಾಗ ಇನ್ನು ಯಾವಾಗ ನೋಡುತ್ತೇನೋ ಎಂದುಕೊಂಡೆ.

ಕ್ವಾರಂಟೈನ್ ಮುಗಿಸಿ ಅಮ್ಮ ಮೈಸೂರು ಸೇರಿದ ಕೆಲವೇ ದಿನಗಳಲ್ಲಿ ತಂಗಿಗೆ ಹೆಣ್ಣುಮಗುವಾಯಿತು. ಆಸ್ಪತ್ರೆಯಿಂದ ಅಮ್ಮನೇ ವಿಡಿಯೊ ಕಾಲ್ ಮಾಡಿದಳು. ಅವತ್ತೂ ಸೋಮವಾರವೇ. ಹುಟ್ಟಿದ್ದು ಬೆಳಿಗ್ಗೆ ಏಳು ಮೂವತ್ತೈದಕ್ಕೆ ಎಂದಳು. ನನ್ನ ಕಣ್ಣು ತಾನಾಗಿ ಫ್ರಿಜ್ಜಿನ ಪಕ್ಕಕ್ಕೆ ಹೋಯಿತು. ಅವಳು ಬಿಟ್ಟುಹೋದ ಕ್ಯಾಲೆಂಡರ್ ಅಲ್ಲೇ ಇತ್ತು.

"ಕ್ಯಾಲೆಂಡರ್ ನೋಡ್ತಿದ್ದೀಯ ತಾನೇ? ಬಿಡು" ಎಂದಳು ಅಮ್ಮ. "ಬೆಳಿಗ್ಗೆ ಇಲ್ಲೇ ಟೆರೇಸಿಗೆ ಹೋಗಿ ಸೂರ್ಯ ಹುಟ್ಟೋದನ್ನ ನೋಡ್ಕೊಂಡು ಬಂದಿದ್ದೆ, ಆರು ದಾಟಿದ ಮೇಲೇ ಹುಟ್ಟಿದ. ಮಗು ಬಂದಾಗ ಇನ್ನೂ ಶುರುವಾಗಿರ್ಲಿಲ್ಲ."