ಮಣಲಿಯ ಮೂಗು

ನಿವೃತ್ತರಾದ ಮೇಲೆ ನಮ್ಮ ಮನೆಯವರಿಗೆ ಹಳೆಯ ಮೋಟಾರು ದೋಣಿ ಕೊಳ್ಳುವ ಹುಚ್ಚು ಹಿಡಿಯಿತು. ಕಾಸಿಮೇಡಿನ ಮೀನುಗಾರಿಕೆ ಬಂದರಿನಲ್ಲಿ ಎರಡು ನೋಡಿದೆವು. ಡೀಸೆಲ್ಲಿನದು ಭಾರ, ಗಡಗಡ ಸದ್ದು. ಇವರ ಕಣ್ಣೆಲ್ಲ ಹಗುರವಾದ ಪೆಟ್ರೋಲಿನದರ ಮೇಲೆ. ಪೆಟ್ರೋಲ್ ಸೋರಿದರೆ ಆವಿ ತಳದಲ್ಲೇ ನಿಲ್ಲುತ್ತದೆ, ಒಂದು ಕಿಡಿ ಸಾಕು, ಹೊರಡುವ ಮೊದಲು ಮೂಸಿ ನೋಡಿ ಎಂದು ಮಾರುವವನೇ ಎಚ್ಚರಿಸಿದ.

ಹಲಗೆ ಎತ್ತಿ ಇಬ್ಬರೂ ಮೂಸಿದೆವು. “ಏನೂ ಇಲ್ವಲ್ರೀ” ಎಂದೆ.

ಹಾಸ್ಟೆಲಿನಿಂದ ರಜೆಗೆ ಬಂದಿದ್ದ ಮಗಳು ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. “ಅಮ್ಮಾ, ಇವ್ಳೋ ಪೆಟ್ರೋಲ್ ವಾಸನೆ, ತೆರಿಯಲಿಯಾ?” ಇಷ್ಟೊಂದು ವಾಸನೆ ಗೊತ್ತಾಗುತ್ತಿಲ್ಲವೇ ಎಂದು ಅವಳ ತಮಿಳು.

ಮತ್ತೆ ಬಗ್ಗಿದೆವು. ಊಹೂಂ. ಪೆಟ್ರೋಲ್, ಡೀಸೆಲ್ ಶುದ್ಧೀಕರಿಸುವ ಕಾರ್ಖಾನೆಗಳ ಮಣಲಿಯಲ್ಲೇ ಸಂಸಾರ ಮಾಡಿದ ಮೂಗುಗಳು.

ಡೀಸೆಲ್ಲಿನದನ್ನೇ ಕೊಂಡೆವು. ಆದರೂ ನನಗೆ ಸಮಾಧಾನವಿಲ್ಲ. ರಜೆಗೆ ಬಂದಾಗಲೆಲ್ಲ ಅವಳು ಮನೆಯ ಕಿಟಕಿಗಳನ್ನು ಮುಚ್ಚುತ್ತಿದ್ದಳು. ನಾನು ಬೈದು ತೆರೆಸುತ್ತಿದ್ದೆ, ಒಳ್ಳೆಯ ಗಾಳಿ ಬರಲಿ ಎಂದು.